ನಲವತ್ನಾಲ್ಕು ಕಾಜಾ

ನಗು ಶುರುವಾದದ್ದು ಶಿರಾಳಕೊಪ್ಪ ದಾಟಿದ ಮೇಲೆ. ಕಾರಣವೆಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬಸ್ಸಿನ ಮುಂದಿನ ಸೀಟಿನವನ ಗೆರೆಯಂಗಿಯ ಬೆನ್ನಿನಲ್ಲಿ, ಹೊಲಿಗೆ ಕೂಡುವ ಕಡೆ, ಎಡಗಡೆಯ ಗೆರೆಗೂ ಬಲಗಡೆಯ ಗೆರೆಗೂ ಅರ್ಧ ಬೆರಳಿನಷ್ಟು ಅಂತರವಿತ್ತು. ಜಗಳವಾಡಿದ ವಾರಗಿತ್ತಿಯರು ಮದುವೆಯ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತ ಹಾಗೆ ಅವು ಒಂದನ್ನೊಂದು ನೋಡದೆ ಊಟ ಮುಗಿಸುತ್ತಿದ್ದವು. ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಒಂಬತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟಿರುವ ಗಂಗಾಶ್ರೀಗೆ ಇನ್ನೊಬ್ಬರ ಹೊಲಿಗೆಯ ತಪ್ಪು ಕಣ್ಣಿಗೆ ಬೀಳುವುದು ಹೊಸದಲ್ಲ. ಅದು ನಗುವಾಗಿ, ಹೊಟ್ಟೆಯೊಳಗಿಂದ ಗುಳ್ಳೆಗುಳ್ಳೆಯಾಗಿ ಎದ್ದು ಗಂಟಲಿಗೆ ಬಂದದ್ದು ಹೊಸದು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶ್ರಾವಣ ಸೋಮವಾರ, ಬೆಳಿಗ್ಗೆಯಿಂದ ಒಂದು ಲೋಟ ಹಾಲು ಬಿಟ್ಟರೆ ಏನೂ ಇಲ್ಲ. ಖಾಲಿ ಹೊಟ್ಟೆಗೆ ಗಾಳಿ ಹೊಕ್ಕಿದೆಯೆಂದು ಸಮಾಧಾನ ಮಾಡಿಕೊಂಡಳು. ಆದರೆ ತಲೆಯೂ ಹಗುರಾಗಿತ್ತು, ಪಾದಗಳೂ ಹಗುರಾಗಿದ್ದವು, ಬಸ್ಸು ಹಳ್ಳಕ್ಕಿಳಿದು ಎದ್ದಾಗಲೆಲ್ಲ ತಾನು ಸೀಟಿಗೆ ವಾಪಸು ಬರುವುದು ಒಂದು ಗಳಿಗೆ ತಡವಾಗುತ್ತಿದೆ ಅನ್ನಿಸುತ್ತಿತ್ತು.

“ಎಂತದೇ ಗಂಗಾ, ಅಳ್ತಿದೀಯಾ?” ಅಂದರು ಕಿಟಕಿಯ ಪಕ್ಕದಲ್ಲಿದ್ದ ಅತ್ತೆ ನೀಲಾಂಬಿಕ. ಅವರ ತೊಡೆಯ ಮೇಲೆ ಮೈತ್ರಿ ಕೂತಿದ್ದಳು.

“ಇಲ್ಲ ಅತ್ತೆ. ಕಣ್ಣಿಗೆ ಧೂಳು.”

“ಅವ್ವ ನಗ್ತಿದಾಳೆ,” ಅಂದಳು ಮೈತ್ರಿ. ಆರು ವರ್ಷದವಳ ಕಣ್ಣಿಗೆ ಧೂಳು ಬೀಳುವುದಿಲ್ಲ.

ಮಗುವಿನ ಹೃದಯ ತೋರಿಸಲು ಹೋಗುವ ದಿನ ನಗುವ ತಾಯಿಯನ್ನು ಅತ್ತೆ ಏನೆಂದುಕೊಂಡರೋ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಆ ತಿರುಗುವಿಕೆ ಗಂಗಾಶ್ರೀಗೆ ಗೊತ್ತು. ಎರಡು ವರ್ಷದ ಹಿಂದೆ, ಮೈತ್ರಿಗೆ ಪದೇ ಪದೇ ಕೆಮ್ಮು ಬರುತ್ತಿದೆಯೆಂದು ತೋರಿಸಿದಾಗ, ಡಾಕ್ಟರು ಕಿವಿಯಿಂದ ನಳಿಕೆ ತೆಗೆದು, ಹೃದಯದ ಮೇಲ್ಭಾಗದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿರಬಹುದು, ಹುಟ್ಟಿನಿಂದಲೇ ಇದ್ದದ್ದು ಎಂದಾಗಲೂ ಅವರು ಹೀಗೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ್ದರು. “ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ” ಎಂದಿದ್ದರು ಕ್ಯಾಲೆಂಡರಿಗೆ. ಆ ಮಾತು ಆಮೇಲೆ ಮನೆಯಲ್ಲೇ ಉಳಿಯಿತು, ಒಗೆದರೂ ಹೋಗದ ಎಣ್ಣೆಕಲೆಯ ಹಾಗೆ. ಗಂಡ ಮಹಾಂತೇಶನಿಗೆ ಅದು ಕೇಳಿಸಲೇ ಇಲ್ಲ. ಆಸ್ಪತ್ರೆಯ ವಾಸನೆಗೇ ಬೆವರುವ ಅವನು ಇವತ್ತೂ ಲಾರಿ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದ. ಆರು ತಿಂಗಳ ಹಿಂದೆ ದೊಡ್ಡಾಸ್ಪತ್ರೆಯಲ್ಲಿ, ಎದೆ ಕೊಯ್ಯದೆ, ತೊಡೆಯ ಸಂದಿನ ನರದಿಂದ ಸಣ್ಣ ನಳಿಕೆ ತೂರಿಸಿ ಆ ತೂತಿಗೆ ಎರಡು ಮುಖದ ಗುಂಡಿಯೊಂದನ್ನು ಕೂರಿಸಿದ್ದರು. ಇವತ್ತು ಶಿಕಾರಿಪುರದ ಸ್ಕ್ಯಾನಿಂಗ್ ಸೆಂಟರಿಗೆ ಬರುವ ಮಕ್ಕಳ ಹೃದಯದ ಡಾಕ್ಟರು ನೋಡಿ ಹೇಳಬೇಕು: ಗುಂಡಿ ಜಾರದೆ ಕೂತಿದೆಯೇ, ಅಂಚಿನಿಂದ ರಕ್ತ ಸೋರುತ್ತಿದೆಯೇ, ಇಷ್ಟು ವರ್ಷ ಹೆಚ್ಚಿನ ರಕ್ತ ಹೊತ್ತು ಹಿಗ್ಗಿದ್ದ ಬಲಗಡೆಯ ಕೋಣೆ ಕುಗ್ಗಿದೆಯೇ. ಗುಂಡಿ ಕೈಕೊಟ್ಟಿದ್ದರೆ ಎದೆಯನ್ನೇ ತೆರೆಯಬೇಕಾಗಬಹುದು ಎಂದು ಅಲ್ಲಿಯವರು ಮೊದಲೇ ಹೇಳಿ ಕಳಿಸಿದ್ದರು. ಒಂದು ತಿಂಗಳು ಮಗು ಜಿಗಿಯಬಾರದು ಎಂದಿದ್ದರು. ಅತ್ತೆ ಅದನ್ನು ಆರು ತಿಂಗಳು ಮಾಡಿದ್ದರು. ಬೀದಿಯಲ್ಲಿ ಕುಂಟೆಬಿಲ್ಲೆ ನಡೆಯುವಾಗ ಮೈತ್ರಿ ಜಗಲಿಯ ಮೇಲೆ ಕೂತು, ಉಳಿದವರ ಕಾಲು ಗೆರೆ ತುಳಿಯಿತೋ ಇಲ್ಲವೋ ಎಂದು ತೀರ್ಪು ಹೇಳುವ ದೇವರಾಗಿದ್ದಳು.

ಗಂಗಾಶ್ರೀಗೆ ಭಯವಾದದ್ದು ನಗುವಿನಿಂದಲ್ಲ, ಆ ನಗುವಿನ ಗುರುತಿನಿಂದ. ಇದೇ ಹಗುರ, ಇದೇ ಗುಳ್ಳೆ, ಆ ಗ್ರಹಣದ ಬೆಳಿಗ್ಗೆಯೂ ಬಂದಿತ್ತು. ಡಿಸೆಂಬರಿನ ಸೂರ್ಯಗ್ರಹಣ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೊಟ್ಟೆಯಲ್ಲಿ ಮೈತ್ರಿ, ಮೂರನೇ ತಿಂಗಳು. ಅದು ಗಂಡನಿಗೂ ಇನ್ನೂ ಗೊತ್ತಿರಲಿಲ್ಲ, ಯಾರಿಗೂ ಹೇಳದ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡ ಬೆಲ್ಲದ ಚೂರಿನ ಹಾಗೆ ಕರಗಿಸಿಕೊಳ್ಳುತ್ತ ಅವಳು ಅಂಗಡಿಯಲ್ಲಿ ಒಬ್ಬಳೇ ಕೂತಿದ್ದಳು. ಮಠದ ಭಜನೆಯವರಿಗೆ ಭಾನುವಾರಕ್ಕೆ ಹನ್ನೊಂದು ಜುಬ್ಬ ಆಗಬೇಕಿತ್ತು. ಹೊಲಿಗೆ ಮುಗಿದಿತ್ತು, ಗುಂಡಿ ತೂರಿಸುವ ಕಾಜಾ ಬಾಕಿ. ಒಂದೊಂದು ಜುಬ್ಬಕ್ಕೆ ನಾಲ್ಕು. ಚೂಪು ಬ್ಲೇಡಿನಿಂದ ಬಟ್ಟೆ ಸೀಳಿ ತೂತು ಮಾಡುವುದು, ಅದರ ಅಂಚಿಗೆ ಸುತ್ತ ಸೂಜಿಯಲ್ಲಿ ಹೊಲಿಯುವುದು, ಸೀಳುವುದು, ಹೊಲಿಯುವುದು. ಬೆಳಕು ಮಂಕಾಯಿತು. ಹಂಚಿನ ಸಂದಿಯಿಂದ ನೆಲದ ಮೇಲೆ ಬೀಳುತ್ತಿದ್ದ ದುಂಡು ಬಿಸಿಲ ಚುಕ್ಕೆಗಳೆಲ್ಲ ಕತ್ತರಿಸಿದ ಉಗುರಿನ ಹಾಗೆ ಬಾಗಿದವು, ನೂರಾರು ಎಳೆಚಂದ್ರರು, ಅವಳ ಪಾದದ ಮೇಲೆ, ಬಿಳಿ ಜುಬ್ಬಗಳ ಮೇಲೆ. ಅವಳು ಬೆರಗಾಗಿ ನಕ್ಕಿದ್ದಳು. ಹೊಟ್ಟೆಯ ಮೇಲೂ ಒಂದು ಚಂದ್ರ ಬೀಳಲಿ ಎಂದು ಸೀರೆ ಸರಿಸಿ ಕೂತಿದ್ದಳು! ಎಣಿಸಿಕೊಂಡೇ ಮಾಡಿದ್ದಳು, ನಲವತ್ನಾಲ್ಕು. ಗ್ರಹಣದಲ್ಲಿ ಬಸುರಿ ಸೂಜಿ ಬ್ಲೇಡು ಮುಟ್ಟಬಾರದು ಎಂದು ಚಿಕ್ಕಂದಿನಿಂದ ಕೇಳಿದವಳು, ಕೇಳಿಯೂ, ಖುಷಿಯ ಅಮಲಿನಲ್ಲಿ, ಮುಟ್ಟಿದ್ದಳು. ಡಾಕ್ಟರು ತೂತು ಎಂದ ದಿನ ಅವಳ ಬೆರಳ ತುದಿಗೆ ಬ್ಲೇಡಿನ ತಣ್ಣಗಿನ ನೆನಪು ಬಂತು. ಇದನ್ನು ಅವಳು ಗಂಡನಿಗೆ ಹೇಳಿಲ್ಲ, ತವರಿಗೆ ಹೇಳಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಾಗ ಮಾತ್ರ, ಶಿವನಿಗೆ ಹೇಗೂ ಗೊತ್ತು ಎಂದು ಸುಮ್ಮನಾಗುತ್ತಿದ್ದಳು.

ಸ್ಕ್ಯಾನಿಂಗ್ ಸೆಂಟರಿನ ಮೊಗಸಾಲೆಗೆ ಕಪ್ಪು ಬಿಳಿ ಟೈಲ್ಸು. ಮೈತ್ರಿ ಚಪ್ಪಲಿ ಬಿಟ್ಟು ಗೆರೆ ತುಳಿಯದೆ ಒಂದೊಂದೇ ಬಿಳಿಯ ಮೇಲೆ ಕಾಲಿಟ್ಟು ನಡೆದಳು, ಜಿಗಿಯದೆ, ಉದ್ದ ಉದ್ದ ಹೆಜ್ಜೆ ಹಾಕಿ. ಅಜ್ಜಿಯ ಕಣ್ಣು ಅವಳ ಹಿಂದೆಯೇ ಹೋಗುತ್ತಿತ್ತು. ಚೀಟಿ ಬರೆಯುವ ಸಾವಿತ್ರಿಬಾಯಿ ಕನ್ನಡಕದ ಮೇಲಿಂದ ನೋಡಿ, “ಪೇಶೆಂಟು ಯಾರು, ಅಜ್ಜಿಯಾ?” ಅಂದರು. ಪಕ್ಕದ ಬೆಂಚಿನ ಹೆಂಗಸು, ಪಾಪ, ಮಗುವಿಗಾ, ಇಷ್ಟು ಚೆಂದ ಇದೆ, ತಾಯಿ ಕಡೆಯಿಂದ ಬಂದದ್ದಾ ಅಂದಳು. ಗಂಗಾಶ್ರೀ ತಲೆ ತಗ್ಗಿಸಿದಳು. ಆ ಹೆಂಗಸಿನ ರವಿಕೆಯ ತೋಳು ಒಂದು ಉದ್ದ, ಒಂದು ಗಿಡ್ಡ. ಮತ್ತೆ ನಗು. ಈ ಸಲ ಅದನ್ನು ಕೆಮ್ಮು ಮಾಡಬೇಕಾಯಿತು, ಕೆಮ್ಮು ನಿಜವಾದ ಕೆಮ್ಮಾಗಿ ಕಣ್ಣಲ್ಲಿ ನೀರು ಬಂತು, ಆ ಹೆಂಗಸು, “ಅಳಬ್ಯಾಡ್ರಿ, ದೇವರಿದ್ದಾನೆ” ಎಂದು ಬೆನ್ನು ಸವರಿದಳು. ಗಿಡ್ಡ ತೋಳಿನ ಕೈಯಿಂದ.

ಒಳಗಿನ ಕೋಣೆ ಕತ್ತಲು, ಚಳಿ. ಡಾಕ್ಟರ್ ಸಂಗಮೇಶ್ ಹಾವೇರಿ ಕಡೆಯವರು. ಎರಡನೇ ಸೋಮವಾರ ಮಾತ್ರ ಬರುತ್ತಾರೆ. “ಬಾರವಾ ಹುಲಿ, ಮಲಕೋ. ಅಂಗಿ ತಗಿ,” ಅಂದರು. ಮಗುವಿನ ಎದೆಯ ಮೇಲೆ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಡಾಕ್ಟರು ಅದನ್ನು ನೋಡಿ ಕೈ ಹಿಂದೆ ತೆಗೆದು, “ಅವ್ವಾರ, ಇದನ್ನ ನೀವ ಸರಸ್ರಿ” ಅಂದರು. ನೀಲಾಂಬಿಕ ಅದನ್ನು ಮಗುವಿನ ಭುಜದ ಮೇಲಕ್ಕೆ ಸರಿಸಿ ಇಟ್ಟರು. ದೊಡ್ಡಾಸ್ಪತ್ರೆಯಲ್ಲಿ ಅದನ್ನು ಆಪರೇಷನ್ ಕೋಣೆಯೊಳಗೆ ಬಿಡುವುದಿಲ್ಲ ಎಂದಾಗ ಅವರು ಆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಎರಡು ತಾಸು, ಕೈ ಇಳಿಸದೆ ನಿಂತದ್ದು ಗಂಗಾಶ್ರೀಗೆ ನೆನಪಾಯಿತು. ಅದರ ಮಾರನೆಯ ದಿನ ತೋಳು ಎತ್ತಲಾಗದೆ ಅವಳ ಕೈಯಲ್ಲೇ ತಲೆ ಬಾಚಿಸಿಕೊಂಡಿದ್ದರು.

ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಬಿದ್ದದ್ದೇ ತಡ, ಮೈತ್ರಿ ಮೀನಿನ ಹಾಗೆ ಮಗುಚಿದಳು. ಕಚಗುಳಿ. ಡಾಕ್ಟರು ಮೈಕಿನಂಥ ಆ ಸಲಕರಣೆಯನ್ನು ಇಟ್ಟರು, ಅವಳು ಕಿಸಕ್ಕೆಂದಳು. ಪರದೆಯ ಮೇಲೆ ಮೊರದಾಕಾರದ ಬೆಳಕಿನಲ್ಲಿ ಏನೋ ಒಂದು ಕಪ್ಪಗೆ ಬೆಳ್ಳಗೆ ಕಲೆಸಿಹೋಯಿತು. ಮತ್ತೆ ಇಟ್ಟರು, ಮತ್ತೆ ಕಿಸಕ್. “ಹೊಟ್ಟಿ ಮ್ಯಾಗಿಂದ ನೋಡಿದ್ರನ ಆ ಗ್ವಾಡಿ ಚಂದ ಕಾಣೂದು. ಹಿಂಗ ಕುಣಿದ್ರ ಹ್ಯಾಂಗವಾ?” ಅಂದರು. ಗಂಗಾಶ್ರೀ ಮಗುವಿನ ಕಾಲು ಹಿಡಿದಳು. ಹಿಡಿದ ಕಾಲಿನಿಂದ ನಗು ಅವಳ ಕೈಗೆ ಹತ್ತಿತು, ಕೈಯಿಂದ ಹೊಟ್ಟೆಗೆ. ಬಸ್ಸಿನಿಂದ ತಡೆದುಕೊಂಡಿದ್ದೆಲ್ಲ ಒಡ್ಡು ಒಡೆದು ಆ ಕತ್ತಲ ಕೋಣೆಯಲ್ಲಿ ಅವಳು ಗಟ್ಟಿಯಾಗಿ, ಮೈ ಕುಲುಕಿಸಿ ನಕ್ಕಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಡಾಕ್ಟರು ತಿರುಗಿ ನೋಡಿದರು.

“ತಾಯಿಗೆ ಏನಾರ ಮಾತ್ರಿ ಶುರು ಐತೇನ್ರಿ?” ಎಂದು ಅವರು ಕೇಳಿದ್ದು ಅವಳನ್ನಲ್ಲ, ಅತ್ತೆಯನ್ನು.

“ಉಪಾಸ ಇದಾಳೆ ಸ್ವಾಮಿ,” ಅಂದರು ನೀಲಾಂಬಿಕ. ನಾಚಿಕೆಯಿಂದ ಅವರ ದನಿ ಕುಗ್ಗಿತ್ತು.

“ನಿದ್ದಿ ಔಷಧ ಕೊಟ್ಟು ಮಲಗಿಸಬೇಕಾಗತೈತಿ. ಮಧ್ಯಾಹ್ನದ ತನಕ ಕಾಯ್ತೀರೇನು?”

ಅತ್ತೆ ಮಂಚದ ತಲೆಯ ಕಡೆ ಹೋಗಿ, ಕರಡಿಗೆಯ ಮುಚ್ಚಳ ತೆಗೆದು, ಲಿಂಗವನ್ನು ಮೈತ್ರಿಯ ಎಡ ಅಂಗೈಯಲ್ಲಿಟ್ಟು, ಅಂಗೈಯನ್ನು ಅವಳ ಮುಖದ ಮುಂದೆ ತಂದು ನಿಲ್ಲಿಸಿದರು. “ನೂರೆಂಟು. ಮನಸ್ಸಲ್ಲಿ,” ಅಂದರು, ಅಷ್ಟೇ. ಮೂರನೇ ವರ್ಷದಿಂದ ದಿನಾ ಬೆಳಿಗ್ಗೆ ಅಜ್ಜಿಯ ಪಕ್ಕದಲ್ಲಿ ಕೂತು ಬಂದ ಅಭ್ಯಾಸ. ಮಗುವಿನ ಕಣ್ಣು ಆ ಕರಿಯ ಹೊಳಪಿನಲ್ಲಿ ನೆಟ್ಟಿತು. ತುಟಿ ಅಲುಗತೊಡಗಿತು. ಉಸಿರು ಇಳಿಯಿತು. ಹೊಟ್ಟೆಯ ಮೇಲೆ ಸಲಕರಣೆ ಒತ್ತಿದಾಗ ಒಂದು ಸಲ ಕಾಲಿನ ಹೆಬ್ಬೆರಳು ಮಾತ್ರ ನಿಗುರಿತು. ಪರದೆಯ ಕೆಳಗೆ ಓಡುತ್ತಿದ್ದ ಎದೆಬಡಿತದ ಗೆರೆ, ತರಾತುರಿಯ ಕಚ್ಚಾ ಹೊಲಿಗೆಯಂತಿದ್ದದ್ದು, ಸಮನಾದ ಟಾಕೆಯಾಯಿತು.

“ಅಬ್ಬ,” ಅಂದರು ಡಾಕ್ಟರು. ಆಮೇಲೆ ಮಾತು ನಿಲ್ಲಿಸಿದರು.

ಮಾತು ನಿಲ್ಲಿಸಿದರು, ಅದೇ ಕಷ್ಟವಾಯಿತು. ಪರದೆಯ ಮೇಲೆ ಈಗ ಹೃದಯ ಕಾಣುತ್ತಿತ್ತು. ನಾಲ್ಕು ಕೋಣೆ, ನಡುವೆ ಬಾಗಿಲುಗಳು, ಪುಟ್ಟ ಅಂಗೈಗಳು ಸದ್ದಿಲ್ಲದೆ ಚಪ್ಪಾಳೆ ತಟ್ಟಿದ ಹಾಗೆ ತೆರೆದು ಮುಚ್ಚಿ. ಡಾಕ್ಟರು ಚಿತ್ರ ನಿಲ್ಲಿಸುವರು, ಈ ಅಂಚಿಗೊಂದು ಚುಕ್ಕೆ ಆ ಅಂಚಿಗೊಂದು ಚುಕ್ಕೆ ಇಟ್ಟು ಗೆರೆ ಎಳೆಯುವರು, ಸಂಖ್ಯೆ ಬರೆದುಕೊಳ್ಳುವರು. ಅಳತೆ ತೆಗೆಯುವ ಕೈ ಅವಳಿಗೆ ಅರ್ಥವಾಗುತ್ತದೆ. ಒಂದೇ ಕಡೆ ಮೂರು ಸಲ ಟೇಪು ಹಿಡಿಯುವುದು ಯಾವಾಗ? ಬಟ್ಟೆ ಸಾಲದು ಎಂದು ಅನುಮಾನ ಬಂದಾಗ. ಡಾಕ್ಟರು ಒಂದೇ ಕಡೆ ಮೂರು ಸಲ ಹಿಡಿದರು. ನಾಲ್ಕನೇ ಸಲ ಚುಕ್ಕೆ ಇಟ್ಟಾಗ ಅವಳ ಬಾಯಿ ತಾನಾಗಿ ತೆರೆಯಿತು.

“ಡಾಕ್ಟ್ರೇ, ತೂತು ಹಾಕಿದ್ದು ನಾನೇ.”

“ಏನಂದ್ರಿ?”

“ಗ್ರಹಣದ ದಿನ. ಮಠದ ಜುಬ್ಬಕ್ಕೆ ಕಾಜಾ ಹಾಕ್ದೆ. ಮೂರು ತಿಂಗಳು ನಂಗೆ ಆವಾಗ. ಬ್ಲೇಡಲ್ಲಿ ಸೀಳಿ ಸೀಳಿ. ಒಂದಲ್ಲ, ನಲವತ್ನಾಲ್ಕು. ನಗ್ತಾ ಹಾಕ್ದೆ ಡಾಕ್ಟ್ರೇ.”

ಹೇಳಿದ ಮೇಲೆ ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಕತ್ತಲಲ್ಲಿ ಬಳೆಯ ಸದ್ದಾಯಿತು. ಈಗ ಮುಖ ತಿರುಗಿಸಿಕೊಳ್ಳುತ್ತಾರೆ, ತಿರುಗಲು ಈ ಕೋಣೆಯಲ್ಲಿ ಕಿಟಕಿಯೂ ಇಲ್ಲ, ಕ್ಯಾಲೆಂಡರೂ ಇಲ್ಲ ಎಂದು ಅವಳು ಯೋಚಿಸುತ್ತಿರುವಾಗಲೇ ನೀಲಾಂಬಿಕ ಮಾತಾಡಿದರು.

“ಅವಳು ಎಂತ ಮಾಡಿದಾಳೆ ಸ್ವಾಮಿ. ಮಾಡಿದ್ದು ನಾನು.”

“ಅತ್ತೇ?”

“ಸುಮ್ನಿರು ಗಂಗಾ. ಆವಾಗ ಮೂರು ದಿನದಿಂದ ನೀ ಒಗ್ಗರಣೆ ವಾಸನೆಗೆ ಹಿತ್ತಲಿಗೆ ಓಡ್ತಿದ್ದೆ. ಎರಡು ಹೆತ್ತೋಳು ನಾನು, ನಂಗೆ ಗೊತ್ತಾಗ್ಲಿಲ್ಲ ಅಂತ ಮಾಡಿದೀಯ? ಅಂಗಡಿಯಿಂದ ಕರೆಸಿ ಒಳಗೆ ಕೂರಿಸ್ಬೌದಿತ್ತು. ಭಾನುವಾರಕ್ಕೆ ಜುಬ್ಬ ಕೊಡ್ತೀವಿ ಅಂತ ಭಜನೆಯೋರಿಗೆ ಮಾತು ಕೊಟ್ಟೋಳು ನಾನು. ತಡ ಆದ್ರೆ ನನ್ ಮುಖ ಎಂತ ಆಗ್ತದೆ ಅಂತ ಸುಮ್ಮನಾದೆ. ಲಿಂಗ ಕಟ್ಟಿದೋರಿಗೆ ಗ್ರಹಣ ಎಂತದು ಅಂತ ನಂಗೆ ನಾನೇ ಹೇಳ್ಕಂಡೆ.” ಮೈತ್ರಿಯ ಅಂಗೈಯನ್ನು ನೆಟ್ಟಗೆ ಮಾಡಿದರು. “ಹಂಗೆ ಹೇಳ್ಕಂತಾ ನಾನು ಮಾತ್ರ ಒಳಗೆ ಬಾಗ್ಲು ಹಾಕ್ಕಂಡು, ದರ್ಬೆ ಹಿಡ್ಕಂಡು ಕೂತಿದ್ದೆ.”

ಮೊದಲು ನಕ್ಕವರು ಡಾಕ್ಟರು. ತಡೆಯಲು ನೋಡಿದರು, ಆಗಲಿಲ್ಲ. ಸಲಕರಣೆ ಹಿಡಿದ ಕೈ ನಡುಗಿ ಪರದೆಯ ಮೇಲಿನ ಹೃದಯವೂ ಅಲ್ಲಾಡಿತು. “ಅಲ್ರೀ ಅವ್ವಾರ, ನಲವತ್ನಾಲ್ಕು ತೂತು ಹಾಕೀರಿ, ಕೂಸಿಗೆ ಬಂದದ್ದು ಒಂದ. ಉಳಿದ ನಲವತ್ಮೂರು ಎಲ್ಲಿಗಿ ಹೋದವು?”

“ಜುಬ್ಬದಲ್ಲೇ ಅದಾವೆ,” ಅಂದರು ನೀಲಾಂಬಿಕ ಗಂಭೀರವಾಗಿ. “ಇನ್ನೂ ಹಾಕ್ಕಂತಾರೆ.” ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿರಬೇಕು; ಆ ಬಿಗಿದ ಬಾಯಿ ಒಂದು ಕಡೆಯಿಂದ ಬಿಚ್ಚಿತು, ಟಾಕೆ ಒಂದು ಕಿತ್ತರೆ ಹೊಲಿಗೆಯೆಲ್ಲ ಬಿಚ್ಚಿಬರುವ ಹಾಗೆ. ಅತ್ತೆ ನಕ್ಕದ್ದನ್ನು ಗಂಗಾಶ್ರೀ ಆ ಮನೆ ಸೇರಿದ ಮೇಲೆ ಮೊದಲ ಸಲ ಕೇಳಿದಳು. ಕೋಳಿ ಕೊಕ್ಕೊಕ್ಕೆಂದಂಥ ನಗು. ಆ ಸದ್ದಿಗೇ ಅವಳಿಗೆ ಮತ್ತೆ ತಡೆಯಲಾಗಲಿಲ್ಲ, ಮೂವರೂ ನಕ್ಕರು, ಕತ್ತಲಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣದೆ.

“ಶ್!” ಅಂದಳು ಮೈತ್ರಿ, ಲಿಂಗದಿಂದ ಕಣ್ಣು ತೆಗೆಯದೆ. “ಪೂಜೆ ನಡೀತಿದೆ. ಎಪ್ಪತ್ತೋ ಎಂಬತ್ತೋ, ಮರೆತೇ ಹೋಯ್ತು ನೋಡಿ.”

ಡಾಕ್ಟರು ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು: “ಕೇಳ್ರಿ ಇಲ್ಲಿ. ತಾಯಿ ಹೊಟ್ಟ್ಯಾಗ ಇದ್ದಾಗ ಈ ಗ್ವಾಡಿಗೆ ಎಲ್ಲಾರಿಗೂ ಒಂದು ಕಿಂಡಿ ಇರತೈತಿ. ನನಗೂ ಇತ್ತು, ನಿಮಗೂ ಇತ್ತು. ಅಲ್ಲಿ ಕೂಸಿಗೆ ಉಸಿರಾಡೂ ಕೆಲಸ ಇಲ್ಲಲ್ಲ, ರಕ್ತ ಆ ಕಿಂಡಿ ದಾಟೇ ಹೋಗಬೇಕು. ಇಲ್ಲಂದ್ರ ನಾವ್ಯಾರೂ ಹುಟ್ತಿರಲಿಲ್ಲ. ಹುಟ್ಟಿದ ಮ್ಯಾಲ ಅದು ಮುಚ್ಚತೈತಿ. ಕೆಲವು ಮಕ್ಕಳಿಗೆ ಗ್ವಾಡಿನ ಪೂರಾ ಬೆಳದಿರಂಗಿಲ್ಲ, ತೂತು ಉಳೀತೈತಿ. ನಿಮ್ಮ ಬ್ಲೇಡಿಗೂ ಅದಕ್ಕೂ ಸಂಬಂಧ ಇಲ್ಲ, ಸೂರ್ಯಗೂ ಇಲ್ಲ.”

ಎಲ್ಲರಿಗೂ ಇರುತ್ತದೆ. ಗಂಗಾಶ್ರೀ ಆ ಮಾತನ್ನು ಬಟ್ಟೆಯ ಹಾಗೆ ಬೆರಳಲ್ಲಿ ಮುಟ್ಟಿ ನೋಡಿದಳು. ಹರಿದ ಬಟ್ಟೆಗೂ ಬೇಕೆಂದೇ ಸೀಳಿದ ಕಾಜಾಕ್ಕೂ ಇರುವ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾದರೆ ಶಿವನೂ ಕೂತು, ಒಬ್ಬನೇ, ಯಾರಿಗೂ ಹೇಳದ ಖುಷಿಯಲ್ಲಿ, ಒಂದೊಂದು ಎದೆಗೂ ಒಂದೊಂದು ಹಾಕುತ್ತಾನೆಯೆ?

“ಇನ್ನ ಬಣ್ಣ ಹಾಕೋಣು,” ಅಂದರು ಡಾಕ್ಟರು. ನಗು ಎಲ್ಲೋ ಹೋಯಿತು. ಅವರು ಇನ್ನೂ ಏನನ್ನೂ ಹೇಳಿಲ್ಲ. ಪರದೆಯ ಮೇಲೆ ಕೆಂಪು ನೀಲಿ ಚಿಮ್ಮಿತು. ಸಲಕರಣೆಯ ಕಡೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ ಎಂದು ಡಾಕ್ಟರು ತೋರಿಸಿದರು. ಅವಳ ತವರು ಅಂಜನಾಪುರ. ಡ್ಯಾಂ ತುಂಬಿ ಕೋಡಿ ಬಿದ್ದಾಗ ಅಪ್ಪನ ಕೈ ಹಿಡಿದು ನೋಡಲು ಹೋಗುತ್ತಿದ್ದಳು. ಹರಿಯುವ ನೀರನ್ನು ತುಸು ಹೊತ್ತು ದಿಟ್ಟಿಸಿದರೆ ನೀರು ನಿಂತುಬಿಡುತ್ತದೆ, ನಿಂತ ನೆಲ ಹೊರಡುತ್ತದೆ, ತಲೆ ಸುತ್ತಿ ಅವಳು ಕಿರುಚಿ ಅಪ್ಪನ ಪಂಚೆಗೆ ಮುಖ ಹುದುಗಿಸುತ್ತಿದ್ದಳು. ಮರುಗಳಿಗೆಯೇ, ಅಪ್ಪಾ ಇನ್ನೊಂದ್ಸಲ. ಈಗ ಮಂಚದ ಕಬ್ಬಿಣ ಹಿಡಿದುಕೊಂಡು ಪರದೆಯನ್ನು ದಿಟ್ಟಿಸಿದಳು. ಗುಂಡಿ ಕಾಣಿಸಿತು, ಉದ್ದ ತೋಳಿನ ಅಂಗಿಯ ಪಟ್ಟಿಗೆ ಹಾಕುವ ಎರಡು ಮುಖದ ಗುಂಡಿಯ ಹಾಗೆ, ಗೋಡೆಯನ್ನು ಎರಡೂ ಕಡೆಯಿಂದ ಕಚ್ಚಿಕೊಂಡು. ಆ ಕಡೆ ಬಣ್ಣ ಹರಿಯಿತು, ಈ ಕಡೆ ಬಣ್ಣ ಹರಿಯಿತು. ಅಂಚಿನ ಉದ್ದಕ್ಕೂ ಅವಳ ಕಣ್ಣು ಸೂಜಿಯ ಹಾಗೆ ಸುತ್ತಿತು. ಒಂದು ಹನಿ ಕೆಂಪು ಎಲ್ಲೂ ದಾಟಲಿಲ್ಲ.

“ಗುಂಡಿ ಗಟ್ಟಿ ಕುಂತೈತಿ,” ಅಂದರು ಡಾಕ್ಟರು. “ಸೋರಿಕಿ ಇಲ್ಲ.”

“ಮತ್ತೆ ಅಷ್ಟೊಂದು ಸಲ ಅಳತೆ ತೆಗೆದ್ರಲ್ಲ?”

“ಅದು ಬಲಗಡಿ ಕ್ವಾಣಿ. ಆರು ತಿಂಗಳ ಹಿಂದ ಹಿಗ್ಗಿ ಕುಂತಿತ್ತು. ಇಷ್ಟು ಲಗೂನ ಇಷ್ಟು ಇಳದೈತಿ ಅಂದ್ರ ನನಗ ನಂಬಿಕಿ ಬರಲಿಲ್ಲ, ಅದಕ್ಕ ನಾಕು ಸಲ ಹಿಡದೆ. ವಯಸ್ಸಿಗೆ ತಕ್ಕ ಅಳತಿಗೆ ಬಂದೈತಿ. ಹಿಂಡೂ ಶಕ್ತಿನೂ ಚಲೋ ಐತಿ.”

ನೀಲಾಂಬಿಕ ಕೈ ಮುಗಿದರು, ಪರದೆಗೋ ಡಾಕ್ಟರಿಗೋ ಮಗುವಿನ ಅಂಗೈಗೋ.

“ಜಿಗೀಬಹುದಾ?” ಎಂದಳು ಮೈತ್ರಿ.

“ಜಿಗಿ.”

“ಯಾವಾಗಿಂದ?”

“ಪೂಜಿ ಮುಗಿದ ಮ್ಯಾಲ.”

ಅವಳು ನೂರೆಂಟನ್ನೂ ಮುಗಿಸಿದಳು, ಮರೆತದ್ದಕ್ಕೆ ಹತ್ತು ಜಾಸ್ತಿ ಸೇರಿಸಿ. ಅತ್ತೆ ಸೊಸೆ ಕಾದರು. ಡಾಕ್ಟರೂ ಕಾದರು, ಹೊರಗೆ ಮಂದಿ ಇದ್ದರೂ.

ಮೊಗಸಾಲೆಗೆ ಬಂದಾಗ ಬಾಗಿಲ ಜಾಲರಿಯ ತೂತುಗಳಿಂದ ಬಿಸಿಲು ಒಳಗೆ ಬಂದಿತ್ತು, ದುಂಡು ದುಂಡಾಗಿ, ಪೂರ್ತಿ. ಮೈತ್ರಿ ಕಪ್ಪು ಬಿಳಿ ಟೈಲ್ಸಿನ ತುದಿಗೆ ಹೋಗಿ ನಿಂತು, “ಅವ್ವಾ, ಬಿಲ್ಲೆ” ಎಂದು ಕೈ ಚಾಚಿದಳು. ಗಂಗಾಶ್ರೀಯ ಪರ್ಸಿನಲ್ಲಿ ಯಾವಾಗಲೂ ನಾಲ್ಕಾರು ಗುಂಡಿ ಇರುತ್ತವೆ. ಬಿಳಿಯದೊಂದು ಜುಬ್ಬದ ಗುಂಡಿ ಕೊಟ್ಟಳು. ಅದು ಟಿಣ್ಣೆಂದು ಉರುಳಿ ನಾಲ್ಕನೇ ಮನೆಯಲ್ಲಿ ನಿಂತಿತು. ಒಂಟಿಕಾಲಿನಲ್ಲಿ, ಆರು ತಿಂಗಳ ಜಗಲಿಯನ್ನೆಲ್ಲ ಹಿಂದೆ ಒದ್ದು, ಮೈತ್ರಿ ಹೋದಳು, ಬಂದಳು. ಬೆಂಚಿನ ಹೆಂಗಸು ಬಾಯಿ ತೆರೆದು ನೋಡುತ್ತಿದ್ದಳು.

“ಅಜ್ಜೀ, ನಿನ್ನ ಪಾಳಿ.”

“ನಂಗೆ ಅರವತ್ತಾರು ಕಣೆ.”

“ಅಷ್ಟು ಮನೆ ಇಲ್ಲ. ಎಂಟೇ ಇರೋದು.”

ನೀಲಾಂಬಿಕ ಅತ್ತಿತ್ತ ನೋಡಿದರು. ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದರು. ಆರು ತಿಂಗಳ ಹಿಂದೆ ಎರಡು ತಾಸು ಇಳಿಸದೆ ಹಿಡಿದಿದ್ದ ಅದೇ ಕೈಯನ್ನು ಸೊಸೆಯ ಹೆಗಲ ಮೇಲೆ ಇಟ್ಟು, ಒಂದು ಕಾಲು ಎತ್ತಿದರು.

“ಅಮ್ಮಾ, ಬೀಳ್ತೀರ!” ಎಂದು ಸಾವಿತ್ರಿಬಾಯಿ ಕೂತಲ್ಲಿಂದ ಕೂಗಿದರು. “ಮೂಳೆ ಡಾಕ್ಟ್ರು ಬರೋದು ಗುರುವಾರ!”

ಹೆಗಲ ಮೇಲೆ ಬಿದ್ದ ಭಾರಕ್ಕೆ ಗಂಗಾಶ್ರೀ ಒಂದು ಹೆಜ್ಜೆ ವಾಲಿದಳು. ಕಪ್ಪು ಬಿಳಿ ಕಲೆತು ನೆಲ ಮೆಲ್ಲನೆ ಹೊರಟಿತು, ಕೋಡಿಯ ಪಕ್ಕದಲ್ಲಿ ನಿಂತಾಗಿನ ಹಾಗೆ. ಈ ಸಲ ಅವಳು ಏನನ್ನೂ ಹಿಡಿಯಲಿಲ್ಲ. ಅತ್ತೆ ಜಿಗಿದರು.